ಗುಣವಾಗದ ರೋಗಕ್ಕೂ ಆರೈಕೆಯುಂಟು

"ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂಬ ವೈದ್ಯರ ಮಾತನ್ನು ಒಮ್ಮೆಯಾದರೂ ಕೇಳದ ಕುಟುಂಬಗಳು ನಮ್ಮಲ್ಲಿ ವಿರಳ. ಮನೆಗೆ ಬಂದ ಮೇಲೆಯೂ ಮಾಡುವುದು ಬಹಳಷ್ಟಿರುತ್ತದೆ ಎಂಬುದನ್ನು ನಮಗೆ ತೋರಿಸಿಕೊಟ್ಟವರು ಓರ್ವ ಶುಶ್ರೂಷಕಿ.

2011ರಲ್ಲಿ ನನ್ನ ಅಕ್ಕನಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಬೆಂಗಳೂರಿನ ಅವಳ ಮನೆಗೆ ಸೇವಾಸಂಸ್ಥೆಯೊಂದರಿಂದ ವಾರಕ್ಕೆರಡು ಬಾರಿ ಆ ಸಿಸ್ಟರ್ ಬರುತ್ತಿದ್ದರು. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ನಿದ್ದೆ ಬಂತೇ, ಬಾಯಿ ಒಣಗುತ್ತದೆಯೇ, ಮಲವಿಸರ್ಜನೆ ಆಯಿತೇ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡು ವೈದ್ಯರಿಗೆ ವರದಿ ಮಾಡುತ್ತಿದ್ದರು. ಹಾಸಿಗೆಹುಣ್ಣು ಆಗದಂತೆ ಮಗ್ಗುಲು ಬದಲಿಸುವ ಕ್ರಮವನ್ನು ಅಕ್ಕನ ಸೊಸೆಗೆ ಕಲಿಸಿದರು.

ವೈದ್ಯರು ಮಾರ್ಫಿನ್ ಬರೆದುಕೊಟ್ಟಾಗ ಭಾವ ಒಪ್ಪಲಿಲ್ಲ. "ಅದು ಅಫೀಮಿನ ಸರಕಲ್ಲವೇ ಸಿಸ್ಟರ್? ಚಟ ಹತ್ತಿಬಿಟ್ಟರೆ?" ಎಂದರು. ಅವರು ಭಾವನ ಪಕ್ಕದಲ್ಲಿ ಕುಳಿತು, "ನೋವಿಗೆ ತಕ್ಕ ಅಳತೆಯಲ್ಲಿ ಕೊಟ್ಟರೆ ಅದು ಔಷಧ ಸಾರ್. ನೋವು ಬರಲೆಂದು ಕಾಯಬೇಡಿ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡಿ. ಮಲಬದ್ಧತೆ ಆಗುತ್ತದೆ, ಅದಕ್ಕೂ ಜೊತೆಯಲ್ಲೇ ಔಷಧವಿದೆ" ಎಂದು ಬಿಡಿಸಿ ಹೇಳಿದರು. ಮೂರನೆಯ ರಾತ್ರಿ ಅಕ್ಕ ಬೆಳಗಿನವರೆಗೆ ಮಲಗಿದಳು. ಬಹಳ ದಿನಗಳ ನಂತರ ಆ ಮನೆಯಲ್ಲಿ ಎಲ್ಲರೂ ಮಲಗಿದ್ದರು.

ನೋವು ಇಳಿದ ಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು: "ಅಮ್ಮಾ, ಈಗ ನಿಮಗೆ ಏನು ಬೇಕೆನಿಸುತ್ತದೆ?" ನಾವಾರೂ ಕೇಳಿರದ ಪ್ರಶ್ನೆ ಅದು. "ಒಳಕೋಣೆ ಬೇಡ ತಾಯಿ, ನಡುಮನೆಗೆ ಮಂಚ ಹಾಕಿಸಿಕೊಡು. ಮೊಮ್ಮಕ್ಕಳು ಶಾಲೆಗೆ ಹೋಗುವುದು ಕಾಣಬೇಕು" ಎಂದಳು ಅಕ್ಕ. ಆ ಸಂಜೆಯೇ ಮಂಚ ನಡುಮನೆಗೆ ಬಂತು. ಅವಳು ಬದುಕಿದ್ದ ಮುಂದಿನ ಹನ್ನೊಂದು ವಾರಗಳಲ್ಲಿ ಮಕ್ಕಳ ಜಡೆ ಹೆಣೆದಳು, ಮಗ್ಗಿ ಒಪ್ಪಿಸಿಕೊಂಡಳು.

ಆಧುನಿಕ ಉಪಶಮನ ಚಿಕಿತ್ಸೆಗೆ ಬುನಾದಿ ಹಾಕಿದ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ (1918-2005) ಅವರೂ ಮೊದಲು ಶುಶ್ರೂಷಕಿಯಾಗಿದ್ದವರೇ ಎಂಬುದು ಇಲ್ಲಿ ಸ್ಮರಣೀಯ. ಬೆನ್ನುನೋವಿನಿಂದ ಆ ವೃತ್ತಿ ಬಿಟ್ಟು, ಆಸ್ಪತ್ರೆಯ ಸಮಾಜಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯಶಾಸ್ತ್ರ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವೆಂದರೆ ದೇಹದ್ದಷ್ಟೇ ಅಲ್ಲ, ಮನಸ್ಸು, ಸಂಬಂಧಗಳು, ಆತ್ಮ ಎಲ್ಲವೂ ಸೇರಿದ ಸಮಗ್ರ ವೇದನೆ ಎಂಬುದು ಅವರ ದರ್ಶನ.

ಅಮೆರಿಕದಲ್ಲಿ 322 ಮಂದಿ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಪುಷ್ಟಿ ನೀಡುತ್ತದೆ. ಎಂದಿನ ಚಿಕಿತ್ಸೆಯ ಜೊತೆಗೆ ಶುಶ್ರೂಷಕಿಯರು ದೂರವಾಣಿಯಲ್ಲಿ ಮಾರ್ಗದರ್ಶನ ನೀಡಿದ ರೋಗಿಗಳ ಜೀವನದ ಗುಣಮಟ್ಟವೂ ಮನಃಸ್ಥಿತಿಯೂ ಉಳಿದವರಿಗಿಂತ ಉತ್ತಮವಾಗಿದ್ದವು. ದೈಹಿಕ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೋಗದ ಹಾದಿ ಬದಲಾಗದಿದ್ದರೂ ದಿನಗಳು ಹಸನಾಗಬಲ್ಲವು.

ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆಯ ಪರವಾನಗಿಗಳ ತೊಡಕಿನಿಂದ ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಆ ಹಾದಿಯನ್ನು ಸರಳಗೊಳಿಸಿತು. ನೆರೆಯ ಕೇರಳ 2008ರಲ್ಲಿಯೇ ಉಪಶಮನ ಆರೈಕೆಗೆ ರಾಜ್ಯನೀತಿ ರೂಪಿಸಿತು. ಅಲ್ಲಿ ಶುಶ್ರೂಷಕಿಯರು ಹಳ್ಳಿಯ ಮನೆಮನೆಗೂ ಹೋಗುತ್ತಾರೆ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ತೊಂಬತ್ತರ ದಶಕದಿಂದ ಉಚಿತವಾಗಿ ಈ ಸೇವೆ ಸಲ್ಲಿಸುತ್ತ ಬಂದಿವೆ.

ಓದುಗ ಮಿತ್ರರೇ, ನಿಮ್ಮ ಬಂಧುಬಳಗದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಬಂದರೆ ಉಪಶಮನ ಆರೈಕೆಯ ಬಗ್ಗೆ ವೈದ್ಯರನ್ನು ವಿಚಾರಿಸಿ. ಕೊನೆಯ ವಾರದವರೆಗೆ ಕಾಯಬೇಡಿ. ರೋಗಿ ಏನು ಬಯಸುತ್ತಾರೆಂದು ಅವರನ್ನೇ ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲಿ ಕುಳಿತಿರಿ.