ದೂರದ ಭೂಮಿ ಕಣ್ಣಿಗೆ ನುಣ್ಣಗೆ

ಊರಿನ ಹರಹು ತಿಳಿಯಬೇಕಾದರೆ ಗುಡ್ಡ ಹತ್ತಬೇಕು. ದನ ಕಾಯುವ ಹುಡುಗನಿಗೂ ಗೊತ್ತಿರುವ ಮಾತಿದು. ಹಳ್ಳ ಎಲ್ಲಿ ತಿರುಗಿತು, ತಪ್ಪಿಸಿಕೊಂಡ ಕರು ಎತ್ತ ಹೋಯಿತು ಎಂಬುದು ಕೆಳಗೆ ನಿಂತವನಿಗೆ ಕಾಣುವುದಿಲ್ಲ. ನಕ್ಷೆ ಬರೆದವರ ಚರಿತ್ರೆಯೂ ಒಂದರ್ಥದಲ್ಲಿ ಎತ್ತರ ಹುಡುಕಿ ಹೊರಟವರ ಕಥೆಯೇ.

ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಸರಪಣಿ ಹಾಸಿ ನೆಲ ಅಳೆದ. 1802ರಲ್ಲಿ ಮದರಾಸಿನಿಂದ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಹೊರಟ. ಅವನ ಥಿಯೊಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್. ಬೆಟ್ಟ ಸಿಕ್ಕಲ್ಲಿ ಬೆಟ್ಟ, ಬಯಲಿನಲ್ಲಿ ದೇವಸ್ಥಾನದ ಗೋಪುರ. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಅದನ್ನು ಎಳೆಯುವಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಬಡಿದು ಸೊಟ್ಟಗಾಯಿತು. ಲ್ಯಾಂಬ್ಟನ್ ಎದೆಗುಂದದೆ ಅದನ್ನು ಸರಿಪಡಿಸಿಕೊಂಡು ಮತ್ತೆ ಹೊರಟ. ಆ ಸರ್ವೆ ಹಿಮಾಲಯದ ಬುಡ ಮುಟ್ಟುವ ಹೊತ್ತಿಗೆ ಅವನೇ ಇರಲಿಲ್ಲ.

ಅಮೆರಿಕ 1972ರ ಜುಲೈ 23ರಂದು ಹಾರಿಸಿದ ಲ್ಯಾಂಡ್‌ಸ್ಯಾಟ್-1 ಉಪಗ್ರಹ ಈ ಪಡಿಪಾಟಲನ್ನೆಲ್ಲ ಬೇರೆಯೇ ಲೆಕ್ಕಕ್ಕೆ ತಂದಿತು. ಸುಮಾರು 900 ಕಿ.ಮೀ. ಎತ್ತರದಿಂದ 185 ಕಿ.ಮೀ. ಅಗಲದ ನೆಲವನ್ನು ಅದು ಒಂದೇ ನೋಟಕ್ಕೆ ಹಿಡಿಯುತ್ತಿತ್ತು. ಹದಿನೆಂಟು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಮತ್ತೆ ಹಾಜರು. 1976ರಲ್ಲಿ ಅದರ ಚಿತ್ರಗಳನ್ನು ಪರಿಶೀಲಿಸುತ್ತಿದ್ದವರಿಗೆ ಕೆನಡಾದ ಲ್ಯಾಬ್ರಡಾರ್ ಕರಾವಳಿಯಾಚೆ ನಕ್ಷೆಯಲ್ಲಿಲ್ಲದ ಪುಟ್ಟ ದ್ವೀಪವೊಂದು ಕಂಡಿತು. ಅಗಲ 25 ಮೀಟರ್, ಉದ್ದ 45 ಮೀಟರ್. ಖಚಿತಪಡಿಸಿಕೊಳ್ಳಲು ಫ್ರ್ಯಾಂಕ್ ಹಾಲ್ ಎಂಬ ವಿಜ್ಞಾನಿಯನ್ನು ಹೆಲಿಕಾಪ್ಟರಿನಿಂದ ಇಳಿಸಿದರೆ, ಅಲ್ಲಿದ್ದ ಹಿಮಕರಡಿ ಪಂಜ ಬೀಸಬೇಕೆ! ನಕ್ಷೆಗೆ ಹೊಸದಾದ ದ್ವೀಪದಲ್ಲಿ ಕರಡಿ ಮೊದಲೇ ಠಿಕಾಣಿ ಹೂಡಿತ್ತು.

ಭಾರತ ತನ್ನ ಐಆರ್‌ಎಸ್-1ಎ ಉಪಗ್ರಹವನ್ನು 1988ರ ಮಾರ್ಚ್ 17ರಂದು ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಕಕ್ಷೆಗೆ ಸೇರಿಸಿತು. ಬೀಳು ಭೂಮಿ, ಕಾಡಿನ ವ್ಯಾಪ್ತಿ, ಅಂತರ್ಜಲ ಸಿಗಬಹುದಾದ ತಾವುಗಳನ್ನು ಗುರುತಿಸಲು ಅಲ್ಲಿಂದಾಚೆಗೆ ಪರದೇಶದ ಉಪಗ್ರಹದ ಚಿತ್ರಗಳನ್ನೇ ನೆಚ್ಚಿಕೊಳ್ಳುವುದು ತಪ್ಪಿತು.

ನಕ್ಷೆಯಷ್ಟೇ ಅಲ್ಲ, ನೋಡುವ ಮನಸ್ಸೂ ಬದಲಾಯಿತು. 1968ರ ಡಿಸೆಂಬರ್ 24ರಂದು ಚಂದ್ರನನ್ನು ಸುತ್ತುತ್ತಿದ್ದ ಅಪೊಲೊ-8ರಿಂದ ವಿಲಿಯಂ ಆ್ಯಂಡರ್ಸ್ ಒಂದು ಚಿತ್ರ ತೆಗೆದರು. ಬೂದು ಬಣ್ಣದ ಬರಡು ಚಂದ್ರನೆಲದ ಅಂಚಿನಿಂದ ಮೇಲೇಳುತ್ತಿರುವ ನೀಲಿ ಭೂಮಿ. ಚಂದ್ರನನ್ನು ನೋಡಲು ಹೋದವರು ಭೂಮಿಯನ್ನು ಕಂಡುಬಂದಂತಾಯಿತು. ಪರಿಸರ ಚಳವಳಿಗೆ ಆ ಚಿತ್ರವೇ ಗುರುತಾಯಿತು. ನಾಲ್ಕು ವರ್ಷಗಳ ನಂತರ ಅಪೊಲೊ-17ರವರು ತೆಗೆದ ಪೂರ್ಣ ಭೂಮಿಯ ಚಿತ್ರದಲ್ಲಿ ದಕ್ಷಿಣ ಧ್ರುವ ಮೇಲಿತ್ತು. ಉತ್ತರವೇ ಮೇಲೆಂದು ಶಾಲೆಯ ಗೋಡೆನಕ್ಷೆಯಲ್ಲಿ ಕಲಿತ ಜಗತ್ತಿಗಾಗಿ ಅದನ್ನು ತಲೆಕೆಳಗು ಮಾಡಿ ಅಚ್ಚು ಹಾಕಿದರು. ಬಾಹ್ಯಾಕಾಶಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ, ಅಭ್ಯಾಸ ಮನುಷ್ಯನದು.

ಮೇಲಿನಿಂದ ದೇಶಗಳ ಗಡಿ ಕಾಣುವುದಿಲ್ಲ ಎಂಬ ಮಾತು ಆಮೇಲೆ ಭಾಷಣಗಳಲ್ಲೆಲ್ಲ ಕೇಳಿಬಂತು. ಆದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. 2011ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ರಾತ್ರಿ ಹೊತ್ತು ತೆಗೆದ ಚಿತ್ರದಲ್ಲಿ ಭಾರತ–ಪಾಕಿಸ್ತಾನ ಗಡಿ ಕಿತ್ತಳೆ ಬಣ್ಣದ ಗೆರೆಯಾಗಿ ಹೊಳೆಯುತ್ತಿತ್ತು. ಕಾವಲಿಗೆ ಹಾಕಿದ ದೀಪಗಳ ಸಾಲು ಅದು. ನಿಸರ್ಗ ಎಳೆಯದ ಗೆರೆಯನ್ನು ಮನುಷ್ಯ ಆಕಾಶಕ್ಕೂ ಕಾಣುವಂತೆ ಎಳೆದಿದ್ದ.

ಗಾಯಗಳೂ ಕಂಡವು. ಒಂದು ಕಾಲಕ್ಕೆ ಜಗತ್ತಿನ ನಾಲ್ಕನೆಯ ದೊಡ್ಡ ಸರೋವರವಾಗಿದ್ದ ಅರಾಲ್ ಸಮುದ್ರಕ್ಕೆ ಸೇರುವ ಎರಡು ನದಿಗಳ ನೀರನ್ನು 1960ರ ದಶಕದಿಂದ ಭಾರಿ ಪ್ರಮಾಣದಲ್ಲಿ ಹತ್ತಿ ಬೆಳೆಗೆ ತಿರುಗಿಸಲಾಯಿತು. ಅದು ವರ್ಷದಿಂದ ವರ್ಷಕ್ಕೆ ಸೊರಗಿದ್ದು ಉಪಗ್ರಹ ಚಿತ್ರಗಳಲ್ಲಿ ದಾಖಲಾಗಿದೆ. ದಂಡೆಯಲ್ಲಿದ್ದ ಬೆಸ್ತರಿಗೆ ಅದನ್ನು ತಿಳಿಯಲು ಯಾವ ಚಿತ್ರವೂ ಬೇಕಿರಲಿಲ್ಲ. ದೂರದ ರಾಜಧಾನಿಗಳಲ್ಲಿ ಕುಳಿತವರಿಗೆ ಬೇಕಿತ್ತು. 2005ರಲ್ಲಿ ಕಜಕಸ್ತಾನ ಕೊಕರಾಲ್ ಒಡ್ಡು ಕಟ್ಟಿ ಮುಗಿಸಿದ ಮೇಲೆ ಉತ್ತರದ ಚಿಕ್ಕ ಭಾಗದಲ್ಲಿ ನೀರು ಏರಿತು, ಮೀನುಗಾರಿಕೆ ಮರಳಿತು. ದಕ್ಷಿಣದ ದೊಡ್ಡ ಭಾಗ ಮಾತ್ರ ಬಹುಪಾಲು ಒಣಗಿಯೇ ಉಳಿಯಿತು. ಈ ಎರಡೂ ಚಿತ್ರಗಳನ್ನು ತೆಗೆದದ್ದು ಉಪಗ್ರಹವೇ. ಒಡ್ಡಿಗೆ ಮಣ್ಣು ಹೊತ್ತವರು ಮಾತ್ರ ನೆಲದ ಮೇಲಿದ್ದರು.