ಬೀಗರ ದರ್ಜೆ

ಬೀಗರಾಗುವುದು ಸುಲಭ, ಮನೆಯಲ್ಲಿ ಮದುವೆ ವಯಸ್ಸಿನ ಮಕ್ಕಳಿದ್ದರೆ ಸಾಕು. ಬೀಗರಾಗಿ ಕೂರುವುದಿದೆಯಲ್ಲ, ಅದು ವಿದ್ಯೆ. ನಮ್ಮ ಕಡೂರಿನ ಕಲ್ಯಾಣ ಮಂಟಪಗಳಲ್ಲಿ ಆ ವಿದ್ಯೆಯಲ್ಲಿ ಪಳಗಿದ ಹಿರಿಯರನ್ನು ಕಣ್ತುಂಬ ನೋಡಿದ್ದೇನೆ. ಪನ್ನೀರು ಚಿಮುಕಿಸಿದರೆ ಅವರು ಮುಖ ಸಿಂಡರಿಸುವುದಿಲ್ಲ. ಕಾಫಿ ಬಂದರೆ ಕೈ ಚಾಚುವುದಿಲ್ಲ, ಲೋಟವೇ ಕೈಗೆ ಬರಲೆಂದು ಕಾಯುತ್ತಾರೆ. ಯಾರೋ ಹುಡುಗ ಓಡಿಬಂದು ಫ್ಯಾನನ್ನು ಅವರ ಕಡೆ ತಿರುಗಿಸಿದರೆ ‘ಇರಲಿ ಬಿಡಪ್ಪ’ ಎನ್ನುವ ಸಣ್ಣತನ ಅವರಲ್ಲಿಲ್ಲ. ಗಾಳಿ ತಮ್ಮ ಕಡೆ ಬೀಸುವುದು ಪ್ರಕೃತಿ ನಿಯಮವೆಂಬಂತೆ ಕೂತಿರುತ್ತಾರೆ. ನನಗೆ ಈ ಬೀಗತನ ಒಗ್ಗಿದ್ದೇ ಇಲ್ಲ. ಒಬ್ಬಳೇ ಮಗಳು, ಹೀಗಾಗಿ ಹೆಣ್ಣಿನ ಕಡೆಯವನಾಗಿ ಅವಳ ಮದುವೆಯಲ್ಲಿ ನಿಂತೇ ಇದ್ದೆ. ಕೂತರೆ ಯಾರಾದರೂ ‘ಹೆಣ್ಣಿನ ಅಪ್ಪ ಕೂತುಬಿಟ್ಟಿದ್ದಾರೆ’ ಎಂದಾರೆಂಬ ಅಳುಕು.

ಆಗ ನಿಂತ ಕಾಲಿಗೆ ಪರಿಹಾರವೋ ಎಂಬಂತೆ ಅದೇ ಮಗಳು ಕ್ಯಾಲಿಫೋರ್ನಿಯಾದಿಂದ ಬಿಸಿನೆಸ್ ಕ್ಲಾಸಿನ ಟಿಕೆಟ್ ಕಳಿಸಿದಳು. ದುಡ್ಡು ಕೊಟ್ಟು ಕೊಂಡದ್ದಲ್ಲ. ಕಚೇರಿಯ ಕೆಲಸಕ್ಕೆಂದು ಊರೂರು ಹಾರಿ ಅವಳು ಕೂಡಿಹಾಕಿದ ಪಾಯಿಂಟುಗಳಂತೆ. ಅವಳು ಸವೆದಳು, ನಾನು ಮಲಗಿದೆ.

ವಿಮಾನದ ಬಾಗಿಲಲ್ಲಿ ಗಗನಸಖಿ ನನ್ನ ಬೋರ್ಡಿಂಗ್ ಪಾಸ್ ನೋಡಿದರು. ಹಿಂದಿನ ಸಾಲಿನವರಿಗೆ ಬಲಕ್ಕೆ ದಾರಿ ತೋರಿಸುತ್ತಿದ್ದ ಕೈ ಎಡಕ್ಕೆ ತಿರುಗಿತು. ಮುಖದ ನಗುವೂ ಒಂದು ಗೆರೆ ಹೆಚ್ಚಾಯಿತು. ಬೀಗರನ್ನು ಎದುರುಗೊಳ್ಳುವ ನಗು ಅದು, ನನಗೆ ಚೆನ್ನಾಗಿ ಗೊತ್ತು, ನಾನೇ ನಕ್ಕಿದ್ದೇನೆ. ಆಸನದಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ ಇಕ್ಕಳದ ತುದಿಯಲ್ಲಿ ಹಬೆಯಾಡುವ ಬಿಳಿ ಟವೆಲ್ಲೊಂದು ಬಂತು. ಕೈಕಾಲು ತೊಳೆಯಲು ಬಚ್ಚಲಲ್ಲಿ ಬಿಸಿನೀರು ಇಟ್ಟಿದೆ ಎನ್ನುವುದರ ವಿಮಾನಾವತಾರ. ಅದರ ಹಿಂದೆ ಪಾನಕ. ಪಾನಕವೆಂದರೆ ಷಾಂಪೇನು, ನಾನು ಕುಡಿದದ್ದು ಕಿತ್ತಳೆ ರಸ. ಅದರ ಹಿಂದೆ ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ ಬೆಚ್ಚಗೆ ಮಾಡಿದ ಗೋಡಂಬಿ, ಬಾದಾಮಿ. ಗೋಡಂಬಿಯನ್ನು ಬೆಚ್ಚಗೆ ಮಾಡಬೇಕೆಂದು ಮೊದಲು ಯಾರಿಗೆ ಹೊಳೆಯಿತೋ! ಹಸಿವಿಗೂ ಅದಕ್ಕೂ ಸಂಬಂಧವಿಲ್ಲ, ರುಚಿಗೂ ಅಷ್ಟಾಗಿ ಇಲ್ಲ. ‘ನಿಮಗೋಸ್ಕರ ಯಾರೋ ಒಲೆ ಹಚ್ಚಿದರು’ ಎಂಬ ಸುದ್ದಿ ಮಾತ್ರ ಬೆರಳಿಗೆ ತಾಗುತ್ತದೆ. ಉಪಚಾರವೆಂದರೆ ಇಷ್ಟೇ ಅಲ್ಲವೇ, ಅಗತ್ಯಕ್ಕಿಂತ ಒಂದು ಹಿಡಿ ಹೆಚ್ಚಿನ ಅನಗತ್ಯ.

ನಾನೋ, ಟವೆಲ್ಲನ್ನು ಅಚ್ಚುಕಟ್ಟಾಗಿ ಮಡಿಸಿ ಹಿಂದಿರುಗಿಸಿದೆ. ಬಟ್ಟಲು ಖಾಲಿಯಾದ ಕೂಡಲೇ ಎದ್ದು ಒಳಗೆ ಕೊಟ್ಟು ಬರಲು ಹೊರಟೆ. ‘ಕೂತಿರಿ ಸರ್’ ಎಂದು ಕೂರಿಸಿದರು. ಓಣಿಯ ಆಚೆ ಕೂತಿದ್ದ ಒಬ್ಬ ಹುಟ್ಟಾಬೀಗರು ಟವೆಲ್ಲಿನಲ್ಲಿ ಕತ್ತು, ಕಿವಿ ಒರೆಸಿಕೊಂಡು ಹಾಗೇ ಎಸೆದು, ಬೂಟು ಕಳಚಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ, ವಿಮಾನ ಇನ್ನೂ ನೆಲದ ಮೇಲಿರುವಾಗಲೇ ನಿದ್ದೆಗೆ ಇಳಿದಿದ್ದರು. ಅಸೂಯೆಯಾಯಿತು.

ಈ ದರ್ಜೆ ಹುಟ್ಟಿದ್ದೂ ಬೀಗರ ಮುನಿಸಿನಿಂದಲೇ ಎಂದರೆ ನೀವು ನಂಬಲಿಕ್ಕಿಲ್ಲ. 1970ರ ದಶಕದಲ್ಲಿ ವಿಮಾನಗಳು ದೊಡ್ಡವಾದವು, ಆಸನ ತುಂಬಿಸಲು ಅಗ್ಗದ ಟಿಕೆಟ್ಟುಗಳು ಬಂದವು. ಪೂರ್ತಿ ದುಡ್ಡು ತೆತ್ತು ಬಂದ ವ್ಯಾಪಾರಸ್ಥ ಪಕ್ಕದವನನ್ನು ಮಾತಾಡಿಸಿ ನೋಡುತ್ತಾನೆ, ಆತ ಕೊಟ್ಟಿರುವುದು ಅರ್ಧವೂ ಅಲ್ಲ! ಅದೇ ಆಸನ, ಅದೇ ಊಟ. ಮುನಿಸು ಬಾರದೆ ಇದ್ದೀತೆ? ‘ನಮ್ಮನ್ನೂ ಊರವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು’ ಎಂಬ ಮಾತಿಗೆ ನಮ್ಮಲ್ಲಿ ಮದುವೆಗಳೇ ಮುರಿದಿವೆ. ವಿಮಾನ ಕಂಪನಿಯವರು ಜಾಣರು. ನಡುವೆ ಒಂದು ಪರದೆ ಎಳೆದರು. 1979ರಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಬಿಸಿನೆಸ್ ಕ್ಲಾಸ್ ಎಂಬ ಹೆಸರಲ್ಲೇ ಪ್ರತ್ಯೇಕ ದರ್ಜೆ ತೆರೆಯಿತು. ಹಾಸಿಗೆ, ಹೊದಿಕೆ, ಬೆಚ್ಚನೆ ಗೋಡಂಬಿಗಳೆಲ್ಲ ಆಮೇಲಿನ ಅಲಂಕಾರ. ಮೊದಲು ಬಂದದ್ದು ಪರದೆ. ಕಾಲು ಚಾಚುವ ಸುಖಕ್ಕಿಂತ ಮೊದಲು ಪಕ್ಕದವನು ಕಾಣದಿರುವ ಸುಖ.

ಆ ಪರದೆಯನ್ನು ಕಿತ್ತೆಸೆದವರೂ ನಮ್ಮ ಸುತ್ತಿನವರೇ. ಕ್ಯಾಪ್ಟನ್ ಗೋಪಿನಾಥ್ ಗೊರೂರಿನಲ್ಲಿ ಬೆಳೆದವರು, ಸೈನ್ಯ ಬಿಟ್ಟು ಬಂದು ಜಾವಗಲ್ ಬಳಿ ಬೇಸಾಯ ಮಾಡಿದವರು. ಜಾವಗಲ್ ಎಂದರೆ ಕಡೂರಿನವರಿಗೆ ಪಕ್ಕದ ಸೀಮೆ. ಅದೇ ತೆಂಗು, ಅದೇ ಬರ. 2003ರಲ್ಲಿ ಅವರು ಹಾರಿಸಿದ ಏರ್ ಡೆಕ್ಕನ್‌ನಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ನೀರು ಬೇಕಿದ್ದರೂ ಕಾಸು ಬಿಚ್ಚಬೇಕು. ಲಾಂಛನವಾಗಿ ನಿಂತವನು ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ, ಯಾವ ಮದುವೆಯಲ್ಲೂ ಯಾರೂ ‘ಬನ್ನಿ ಕೂತ್ಕೊಳ್ಳಿ’ ಎನ್ನದ ಆ ಚೌಕಳಿ ಕೋಟಿನ ಮುದುಕ. ಆಮೇಲೆ ಆ ಸಂಸ್ಥೆ ಉಪಚಾರಕ್ಕೇ ಹೆಸರಾಗಿದ್ದ ಕಿಂಗ್‌ಫಿಷರ್‌ನ ತೆಕ್ಕೆಗೆ ಹೋಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಅದ್ದೂರಿ ಮದುವೆ ಮಾಡಿ ಮನೆ ಮಾರಿಕೊಂಡವರನ್ನು ಕಂಡ ನಮ್ಮೂರಿನವರಿಗೆ ಇದರಲ್ಲಿ ಹೊಸದೇನೂ ತೋರಲಿಲ್ಲ. ಅದೇ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರೂ ಇಳಿವಯಸ್ಸಿನಲ್ಲಿ ನನ್ನ ಹಾಗೆಯೇ ಮಕ್ಕಳಿದ್ದ ಅಮೆರಿಕಕ್ಕೆ ಹಾರಿ, ‘ಅಮೆರಿಕಾದಲ್ಲಿ ಗೊರೂರು’ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದರು. ನಾನು ಸದ್ಯ ಎರಡು ಕಾಲುಚೀಲ ಪಡೆದಿದ್ದೇನೆ.

ಹೌದು, ಕಾಲುಚೀಲ. ಹಲ್ಲುಜ್ಜುವ ಬ್ರಷ್ಷು, ತುಟಿಗೆ ಹಚ್ಚುವ ಮುಲಾಮು, ಕಣ್ಣುಪಟ್ಟಿ ಎಲ್ಲ ಸೇರಿಸಿ ಜಿಪ್ ಹಾಕಿದ ಪುಟ್ಟ ಚೀಲ. ತಾಂಬೂಲದ ಚೀಲವೆಂದೇ ಇಟ್ಟುಕೊಂಡೆ. ಇನ್ನು ಹಾಸಿಗೆ. ಆಸನದ ತೋಳಿನಲ್ಲಿರುವ ಗುಂಡಿಗಳ ಮೇಲೆ ಪುಟ್ಟ ಮನುಷ್ಯಾಕೃತಿಗಳು: ಒಬ್ಬ ಕೂತವನು, ಒಬ್ಬ ಒರಗಿದವನು, ಒಬ್ಬ ಉದ್ದಂಡ ಬಿದ್ದವನು. ಮೂರನೆಯವನನ್ನು ಒತ್ತಿದೆ. ಬೆನ್ನು ಗೊಣಗುತ್ತ ಇಳಿಯಿತು, ಸೀಟು ಮುಂದೆ ಜರುಗಿತು, ನನ್ನ ಪಾದಗಳು ತಾವಾಗಿಯೇ ಎದುರಿನ ಆಸನದ ಅಡಿಯಲ್ಲಿದ್ದ ಒಂದು ಪೊಟರೆಯೊಳಗೆ ಹೋಗಿ ಸೇರಿಕೊಂಡವು. ಕಾಲುಗೂಡು ಎನ್ನೋಣ. ಭುಜದ ಹತ್ತಿರ ಧಾರಾಳವಾಗಿದ್ದ ಹಾಸಿಗೆ ಪಾದದ ಹೊತ್ತಿಗೆ ಜಿಪುಣವಾಗುತ್ತದೆ. ಮಗ್ಗುಲು ಬದಲಿಸಬೇಕಾದರೆ ಮೊದಲು ಪಾದಗಳನ್ನು ಗೂಡಿನಿಂದ ಹೊರಗೆಳೆದು, ಮೈ ತಿರುಗಿಸಿ, ಮತ್ತೆ ಒಳಗೆ ಹಾಕಬೇಕು. ನನ್ನ ಮೊಣಕಾಲಿನ ಮೇಲಿರುವುದು ಮುಂದಿನವರ ತಲೆಗಿಂಬೋ, ಅವರ ಟಿವಿಯೋ, ಹೇಳಬರುವಂತಿಲ್ಲ. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಈ ದರ್ಜೆಗೆ ಚಪ್ಪಟೆ ಹಾಸಿಗೆ ತಂದಾಗ ಜಾಗ ಹೊಂದಿಸಲು ಅರ್ಧದಷ್ಟು ಜನರನ್ನು ಹಿಮ್ಮುಖ ಕೂರಿಸಿತ್ತು. ಅಪರಿಚಿತರಿಬ್ಬರು ಮುಖಕ್ಕೆ ಮುಖ ಕೊಟ್ಟು ಕೂತು, ನಡುವಿನ ತಡಿಕೆ ಮೇಲೇಳುವವರೆಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಒದ್ದಾಡಬೇಕಿತ್ತಂತೆ. ಮಾತು ಮುಗಿದ ಮೇಲೂ ಜಮಖಾನದ ಮೇಲೆ ಎದುರುಬದುರು ಕೂತ ಎರಡೂ ಕಡೆಯ ಹಿರಿಯರನ್ನು ನೆನೆಸಿಕೊಳ್ಳಿ.

ನಿದ್ದೆ ಬರಲಿಲ್ಲ. ಎದುರಿನ ಪರದೆಯಲ್ಲಿ ಭೂಪಟ ಹಾಕಿಕೊಂಡು ಮಲಗಿದೆ. ಅದರಷ್ಟು ನಿಧಾನದ ಸಿನಿಮಾ ಇನ್ನೊಂದಿಲ್ಲ, ಅದಕ್ಕೇ ನನಗೆ ಇಷ್ಟ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವೆ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂದಿದ್ದರು. ದೂರದ ಪಯಣ ಎಂದಾಗಲೆಲ್ಲ ನನಗೆ ಅಜ್ಜಂಪುರದ ಅಮೃತ್ ಮಹಲ್ ಎತ್ತುಗಳು ನೆನಪಾಗುತ್ತವೆ. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಮುಟ್ಟಿದ್ದು ಈ ತಳಿಯ ಬಲದಿಂದ ಎಂದು ಹಳೆಯ ಗ್ಯಾಸೆಟಿಯರ್ ಹೇಳುತ್ತದೆ. ಕೊಟ್ಟಿಗೆಯ ಉಪಚಾರ ಕಂಡ ದನಗಳಲ್ಲ ಅವು; ಕಾವಲುಗಳಲ್ಲಿ ಸಿಕ್ಕಷ್ಟು ಮೇಯ್ದು, ಮನುಷ್ಯ ಹತ್ತಿರ ಬಂದರೆ ಕೊಂಬು ತಿರುಗಿಸುವ ಸ್ವಭಾವದವು. ಬಿಸಿ ಟವೆಲ್ ಹಿಡಿದು ಹೋಗಿ ನೋಡಿ, ಗೊತ್ತಾಗುತ್ತದೆ.

ಊಟದ ವಿಷಯ ಹೇಳಬೇಕು. ಆಕಾಶದಲ್ಲಿ ನಾಲಿಗೆ ಮಂಕಾಗುತ್ತದೆ. ಹೊರಗೆ ಮೂವತ್ತೈದು ಸಾವಿರ ಅಡಿಯಾದರೂ ಒಳಗೆ ಗಾಳಿಯ ಒತ್ತಡವನ್ನು ಹೊಸ ವಿಮಾನಗಳಲ್ಲಿ ಆರು ಸಾವಿರ ಅಡಿಯ ಮಟ್ಟಕ್ಕೆ, ಅಂದರೆ ಸುಮಾರು 1,800 ಮೀಟರಿಗೆ ಹೊಂದಿಸಿರುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೆಮ್ಮಣ್ಣುಗುಂಡಿ ದಾಟಿ, ಮುಳ್ಳಯ್ಯನಗಿರಿಯ ನೆತ್ತಿಗೆ ಇನ್ನೊಂದಿಷ್ಟು ಮೆಟ್ಟಿಲು ಇರುವಾಗ ಎಲೆ ಹಾಕಿ ಬಡಿಸಿದ ಹಾಗೆ. ಹಳೆಯ ವಿಮಾನಗಳಲ್ಲಿ ಅದು ಎಂಟು ಸಾವಿರ ಅಡಿಯವರೆಗೂ ಹೋಗುತ್ತದೆ. ಅಷ್ಟೆತ್ತರದ ಬೆಟ್ಟ ಕರ್ನಾಟಕದಲ್ಲೇ ಇಲ್ಲ. ಜೊತೆಗೆ ಮೂಗು ಒಣಗಿಸುವ ಗಾಳಿ, ಬಿಡದೆ ಮೊರೆಯುವ ಎಂಜಿನ್ನು. ಲುಫ್ತಾನ್ಸಾ ಸಂಸ್ಥೆಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಇಂಥದೇ ಒತ್ತಡದಲ್ಲಿ ಜನರನ್ನು ಕೂರಿಸಿ ಉಣ್ಣಿಸಿ ನೋಡಿದರು: ಉಪ್ಪು, ಸಿಹಿ ಸಪ್ಪೆಯಾಗುತ್ತವೆ, ಹುಳಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಟೊಮೆಟೊ ರಸವಂತೂ ನೆಲಕ್ಕಿಂತ ಮೇಲೇ ರುಚಿ. ಇದನ್ನು ಕೇಳಿದಾಗಿನಿಂದ ನನಗೆ ಒಂದೇ ಯೋಚನೆ. ಒಬ್ಬಟ್ಟು ಅಲ್ಲಿ ಸೋಲುತ್ತದೆ, ಪಾಯಸವೂ ಸೋಲುತ್ತದೆ. ಗೆಲ್ಲುವುದು ಹುಣಸೆಹುಳಿ ಮುಂದಾದ, ಟೊಮೆಟೊ ಕಿವುಚಿದ ಮದುವೆಮನೆಯ ತಿಳಿಸಾರು. ಅದನ್ನು ಬಿಟ್ಟು ಅವರು ಬಿಳಿ ಬಟ್ಟೆ ಹಾಸಿ, ಫೋರ್ಕು ಚಮಚಗಳನ್ನು ಸಾಲಾಗಿ ಜೋಡಿಸಿ, ಬೆಣ್ಣೆಯನ್ನು ಹೂವಿನಂತೆ ಕೊರೆದು ಇಟ್ಟಿದ್ದರು. ನೋಡಲು ಚೆಂದ.

ಊಟದ ಕೊನೆಗೆ ಐಸ್‌ಕ್ರೀಮಿನ ಗಾಡಿ ಬಂತು. ‘ತಗೊಳ್ತೀರಾ ಸರ್?’ ಎಂದರು. ನಾನು ‘ಬೇಡ’ ಎಂದೆ. ಗಾಡಿ ಹೊರಟೇ ಹೋಯಿತು!

ಕಡೂರಿನಲ್ಲಿ ‘ಬೇಡ’ ಎನ್ನುವುದು ಮಾತಿನ ಆರಂಭ. ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಬಡಿಸುವವನು ಬೆರಳ ಸಂದಿಯಲ್ಲೇ ಬಡಿಸುತ್ತಾನೆ. ‘ಸಾಕು’ ಅಂದರೆ ಅರ್ಧ, ‘ಖಂಡಿತ ಸಾಕು’ ಅಂದರೆ ಒಂದು, ಎದ್ದು ನಿಂತರೆ ಭುಜ ಒತ್ತಿ ಕೂರಿಸಿ ಇನ್ನೊಂದು. ಬೀಗರ ಪಂಕ್ತಿಯಲ್ಲಂತೂ ಮೂರು ಸಲ ಬೇಡವೆನ್ನದೆ ಬಡಿಸಿಕೊಂಡವನಿಗೆ ನಾಚಿಕೆಯಿಲ್ಲ, ಬೇಡವೆಂದದ್ದನ್ನು ನಂಬಿ ಮುಂದೆ ಹೋದವನಿಗೆ ಮರ್ಯಾದೆಯಿಲ್ಲ. ಇಲ್ಲಿ ನೋಡಿದರೆ ನನ್ನ ಮೊದಲ ‘ಬೇಡ’ವನ್ನೇ ಕೊನೆಯದೆಂದು ಗೌರವಿಸಿಬಿಟ್ಟರು. ಓಣಿಯಾಚೆಯ ಹುಟ್ಟಾಬೀಗರು ಕಣ್ಣುಪಟ್ಟಿ ಹಣೆಗೆ ಸರಿಸಿ, ‘ಎರಡು’ ಎಂದು ಬೆರಳು ತೋರಿಸಿ ತಿನ್ನುತ್ತಿದ್ದರು.

ಇಳಿದ ಮೇಲೆ ಕಡೂರಿನ ಅಕ್ಕನಿಗೆ ಫೋನು ಮಾಡಿದೆ. ಹಾಸಿಗೆ, ಕಾಲುಗೂಡು, ಬೆಚ್ಚನೆ ಗೋಡಂಬಿ ಎಲ್ಲ ವರ್ಣಿಸಿದೆ.

‘ಅದಿರಲಿ, ಬಲವಂತ ಮಾಡಿದ್ರೇನೋ?’ ಎಂದಳು.

‘ಇಲ್ಲ ಕಣಕ್ಕಾ. ಒಂದು ಸಲ ಕೇಳಿದ್ರು, ಬೇಡ ಅಂದೆ, ಹೋದ್ರು.’

‘ಇನ್ನೊಂದು ಸಲ ಕೇಳ್ಲೇ ಇಲ್ವಾ?’

‘ಇಲ್ಲ.’

ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಬರ್ತಾನೂ ಅದ್ರಲ್ಲೇ ಬರ್ತೀಯೇನೋ?’ ಎಂದಳು.

ಪಾಯಿಂಟುಗಳು ಮುಗಿದಿವೆ, ಬರುವಾಗ ಹಿಂದುಗಡೆ ನಡುವಿನ ಸೀಟು, ಅತ್ತ ಒಬ್ಬರು ಇತ್ತ ಒಬ್ಬರು ಎಂದೆ.

‘ಹಾಗಾದ್ರೆ ಮಗಳ ಕೈಲಿ ಚಿತ್ರಾನ್ನ ಮಾಡಿಸ್ಕೊಂಡು ಬಾ. ಮೂರು ಜನಕ್ಕಾಗೋಷ್ಟು ಕಟ್ಟೋಕೆ ಹೇಳು,’ ಎಂದಳು ಅಕ್ಕ.