ಬೆಂಚಿನ ಮೇಲಿನ ಪತ್ರಿಕೆ

ಕೊಡಗಿನ ನಮ್ಮ ಸುಂಟಿಕೊಪ್ಪದಲ್ಲಿ ಪತ್ರಿಕೆ ಓದುವವರು ಬಹಳ ಮಂದಿ ಇದ್ದರು, ಕೊಳ್ಳುವವರು ಕಡಿಮೆ. 1957ರಲ್ಲಿ ಬಿ.ಎಸ್. ಗೋಪಾಲಕೃಷ್ಣ ಅವರು ಮಡಿಕೇರಿಯಲ್ಲಿ ಶುರುಮಾಡಿದ ‘ಶಕ್ತಿ’ ಬೆಳಗಿನ ಬಸ್ಸಿನಲ್ಲಿ ಬಂದಿಳಿಯುತ್ತಿತ್ತು. ನಮ್ಮ ಹೋಟೆಲಿಗೆ ಒಂದೇ ಪ್ರತಿ. ಹೋಟೆಲಿನ ಕಾಕ ಅದನ್ನು ಬೆಂಚಿನ ಮೇಲಿಟ್ಟು ಹಾಲು ಇಳಿಸಿ ಬರುವಷ್ಟರಲ್ಲಿ ಹಾಳೆಗಳೆಲ್ಲ ಪಾಲಾಗಿರುತ್ತಿದ್ದವು. ನಿಧನದ ಸುದ್ದಿ ಹಿರಿಯರಿಗೆ. ಕರಿಮೆಣಸು, ರೋಬಸ್ಟಾ ಚೆರಿಯ ದರ ಸಣ್ಣ ಬೆಳೆಗಾರರಿಗೆ. ಮಳೆಗಾಲದಲ್ಲಿ ಹಾರಂಗಿಯ ನೀರಿನ ಮಟ್ಟ ಎಲ್ಲರಿಗೂ. ಅಣೆಕಟ್ಟು ತುಂಬುವುದು 2859 ಅಡಿಗೆ ಎಂಬುದು ಶಾಲೆಯ ಮೆಟ್ಟಿಲು ಹತ್ತದವರಿಗೂ ಬಾಯಿಪಾಠ. ಕೈಗೆ ಸಿಕ್ಕಿದ ಹಾಳೆ ಓದಬೇಕು, ಬೇಕಾದದ್ದಕ್ಕೆ ಕಾಯಬೇಕು. ಹಾಗೆ ಕಾಯುತ್ತ ನಾನು ಗುರುತಿಲ್ಲದವರ ತಿಥಿಗಳನ್ನೆಲ್ಲ ಓದಿದ್ದೇನೆ.

ಕ್ರೀಡೆಯ ಪುಟ ಮಾವನ ಕೈಯಲ್ಲಿರುತ್ತಿತ್ತು. ಮಾವ ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಅವರು ಮೊದಲು ಹುಡುಕುತ್ತಿದ್ದದ್ದು ಗಾಲ್ಫ್! ಜನ್ಮದಲ್ಲಿ ಆ ಕೋಲು ಮುಟ್ಟಿದವರಲ್ಲ. ಆದರೆ ಅವರ ದೊರೆ ಮಡಿಕೇರಿಯ ಮರ್ಕೆರಾ ಡೌನ್ಸಿಗೋ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸಿಗೋ ಹೋಗಿ ಆಡುವವರು. ಟೂರ್ನಮೆಂಟಿನ ಫಲಿತಾಂಶ ಮೂಲೆಯಲ್ಲಿ ನಾಲ್ಕು ಸಾಲು ಬಂದಿದ್ದರೆ ಮಾವ ಅದನ್ನು ಓದದೆ ಆಫೀಸಿನ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ದೊರೆ ಸೋತಿದ್ದರೆ ಹಾಜರಿಯ ಚೆಕ್‌ರೋಲ್ ಎರಡೆರಡು ಸಲ ತಾಳೆ ನೋಡಿಕೊಂಡೇ ಮೇಜಿನ ಮೇಲಿಡಬೇಕು. ಹೆಸರು ಮೇಲಿದ್ದರೆ ಅವತ್ತೇ ರಜೆ ಕೇಳಬಹುದು.

“ಕಡಿಮೆ ಹೊಡೆದವನು ಗೆಲ್ಲೋದು ಮಾರಾಯ” ಎಂದು ಮಾವ ವಿವರಿಸಿದಾಗ ಕಾಕ ಚಹಾ ಎತ್ತಿ ಹೊಯ್ಯುತ್ತಲೇ, “ಹಾಗಾದ್ರೆ ಹೋಗದೆ ಮನೇಲಿ ಮಲಗಿದವನೇ ಚಾಂಪಿಯನ್ ಅಲ್ವಾ ರೈಟ್ರೇ?” ಎಂದಿದ್ದರು. ಮಾವನ ಬಳಿ ಉತ್ತರವಿರಲಿಲ್ಲ.

ಫುಟ್‌ಬಾಲ್ ಮಾತ್ರ ಇಡೀ ಊರಿನದು. ಕೊಡಗು ಅಂದರೆ ಹಾಕಿ ಎನ್ನುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಕೌಟುಂಬಿಕ ಹಾಕಿ ಹಬ್ಬ ಶುರುಮಾಡಿದ ಮೇಲಂತೂ ಹೇಳುವುದೇ ಬೇಡ. ಆದರೆ ನಮ್ಮ ಊರಿಗೆ ಜ್ವರ ಏರುತ್ತಿದ್ದದ್ದು ಬ್ಲೂ ಬಾಯ್ಸ್ ಯೂತ್ ಕ್ಲಬ್ಬಿನ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್‌ಗೆ. ಸಂಜೆ ಶಾಲೆಯ ಮೈದಾನದಲ್ಲಿ ಗಂಟಲು ಹರಿಯುವಂತೆ ಕೂಗಿದವರೇ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದರು, ಕಣ್ಣಾರೆ ಕಂಡ ಮ್ಯಾಚನ್ನೇ ಓದಲು! ಆಫ್‌ಸೈಡೋ ಅಲ್ಲವೋ ಎಂಬ ತಕರಾರು ಪತ್ರಿಕೆ ಬರುವ ತನಕ ಮುಗಿಯದು. ಬಂದ ಮೇಲೂ ಮುಗಿಯದು. ವರದಿಗಾರ ಆ ಕಡೆಯ ಗೋಲಿನ ಹತ್ತಿರ ನಿಂತೇ ಇರಲಿಲ್ಲ ಎನ್ನುವವನೊಬ್ಬ ಇದ್ದೇ ಇರುತ್ತಿದ್ದ.

ಮಾವ ತೀರಿಕೊಂಡರು. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಪತ್ರಿಕೆ ಈಗಲೂ ಬರುತ್ತದೆ, ನಾನು ಮೈಸೂರಿನಲ್ಲಿ ಕೂತು ಫೋನಿನಲ್ಲೇ ನೋಡುತ್ತೇನೆ. ಬೇಕಾದ ಪುಟಕ್ಕೆ ನೇರ ಹೋಗಬಹುದು, ‘ಮುಗೀತಾ?’ ಎಂದು ಪಕ್ಕದಲ್ಲಿ ಯಾರೂ ಕೆಮ್ಮುವುದಿಲ್ಲ. ಸೌಕರ್ಯವೇ ಸರಿ. ಆದರೆ ಕರಿಮೆಣಸಿನ ದರ ಎಷ್ಟೆಂದು ನನಗೆ ಗೊತ್ತಿಲ್ಲದೆ ವರ್ಷಗಳಾದವು.

ಮೊನ್ನೆ ಊರಿಗೆ ಹೋದಾಗ ಮಾವನ ಜಾಗಕ್ಕೆ ಬಂದ ಹುಡುಗ ಸಿಕ್ಕಿದ್ದ. ತೋಟದ ಹಾಜರಿಯನ್ನು ದಿನಾ ವಾಟ್ಸಾಪಿನಲ್ಲೇ ಬೆಂಗಳೂರಿಗೆ ಕಳಿಸುತ್ತಾನಂತೆ. ದೊರೆ ಗಾಲ್ಫ್ ಆಡುತ್ತಾರಾ ಎಂದು ಕೇಳಿದೆ. “ಗೊತ್ತಿಲ್ಲ ಸಾರ್, ನಾನಿನ್ನೂ ಅವರ ಮುಖವೇ ನೋಡಿಲ್ಲ” ಎಂದ.